ಅಪ್‌ಡೇಟ್‌ಗೆ ಜಾಗ ಸಾಲದಿದ್ದಾಗ

ಹೊಸ ಅಪ್‌ಡೇಟ್‌ನ ಗಾತ್ರ ಒಂದೂವರೆ ಜಿಬಿ ಎಂದು ಫೋನು ತೋರಿಸುತ್ತದೆ, ಸ್ಟೋರೇಜ್‌ನಲ್ಲಿ ಎರಡು ಜಿಬಿ ಖಾಲಿಯೂ ಇದೆ. ಆದರೂ ಜಾಗ ಸಾಲದು ಎಂಬ ಸಂದೇಶ ಬರುತ್ತದೆ. ನನ್ನ ಬಳಿ ಹೆಚ್ಚಿನವರು ತರುವ ದೂರು ಇದೇ. ಪರದೆಯಲ್ಲಿ ಕಾಣುವ ಸಂಖ್ಯೆ ಡೌನ್‌ಲೋಡ್ ಆಗುವ ಕಡತದ್ದು. ಅದನ್ನು ಬಿಚ್ಚುವುದಕ್ಕೆ, ಫೋನನ್ನು ನಡೆಸುವ ಹಳೆಯ ತಂತ್ರಾಂಶ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡು ಹೊಸದನ್ನು ಸಿದ್ಧಪಡಿಸುವುದಕ್ಕೆ ಬೇಕಾಗುವ ಜಾಗ ಆ ಸಂಖ್ಯೆಯಲ್ಲಿ ಸೇರಿರುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಇದಕ್ಕೊಂದು ಹಿನ್ನೆಲೆಯಿದೆ. 2016ರಲ್ಲಿ ಬಂದ ಆಂಡ್ರಾಯ್ಡ್ 7, ವ್ಯವಸ್ಥೆಯ ಎರಡು ಪ್ರತಿಗಳನ್ನು ಇಟ್ಟುಕೊಳ್ಳುವ ಎ/ಬಿ ವಿಧಾನವನ್ನು ಪರಿಚಯಿಸಿತು. ಒಂದು ಕೆಲಸ ಮಾಡುತ್ತಿರುವಾಗಲೇ ಇನ್ನೊಂದು ನವೀಕರಣಗೊಳ್ಳುತ್ತಿದ್ದುದರಿಂದ, ಹೊಸದು ಕೈಕೊಟ್ಟರೂ ಫೋನು ಹಳೆಯದಕ್ಕೆ ಮರಳಬಹುದಿತ್ತು. ಆದರೆ ಎರಡನೆಯ ಪ್ರತಿ ಸದಾಕಾಲ ಜಾಗ ಹಿಡಿದು ಕೂರುತ್ತಿತ್ತು. 2020ರ ಆಂಡ್ರಾಯ್ಡ್ 11ರ ಜೊತೆ ಬಂದ ವರ್ಚುವಲ್ ಎ/ಬಿ ವಿಧಾನದಲ್ಲಿ ಬದಲಾಗುವ ಭಾಗಗಳನ್ನಷ್ಟೇ ತಾತ್ಕಾಲಿಕವಾಗಿ ಬರೆದಿಡಲಾಗುತ್ತದೆ. ವ್ಯವಸ್ಥೆಗೆ ಮೀಸಲಾದ ವಿಭಾಗದಲ್ಲಿ ಜಾಗ ಸಾಲದಿದ್ದರೆ, ನಮ್ಮ ಫೋಟೋ, ವಿಡಿಯೋಗಳಿರುವ ವಿಭಾಗದಿಂದ ಕೈಗಡ ಪಡೆಯಲಾಗುತ್ತದೆ. ಫೋನು ಮರಳಿ ಚಾಲೂ ಆಗಿ, ಎಲ್ಲವೂ ಸರಿಯಿದೆ ಎಂದು ಖಚಿತವಾದ ಮೇಲೆ ಆ ಜಾಗ ಹಿಂದಕ್ಕೆ ಸಿಗುತ್ತದೆ. ಮೆಮೊರಿ ಕಾರ್ಡಿನಲ್ಲಿ ಎಷ್ಟೇ ಖಾಲಿಯಿದ್ದರೂ ಈ ಕೆಲಸಕ್ಕೆ ಅದು ಒದಗುವುದಿಲ್ಲ. ಫೋಟೋಗಳನ್ನು ಅಲ್ಲಿಗೆ ಸಾಗಿಸಿ ಒಳಗಿನ ಸ್ಟೋರೇಜ್ ಹಗುರ ಮಾಡಿಕೊಳ್ಳಬಹುದು, ಅಷ್ಟೇ.

ಐಫೋನ್ ಬಳಕೆದಾರರಿಗೂ ಈ ಪಾಡು ತಪ್ಪಿರಲಿಲ್ಲ. 2014ರ ಐಒಎಸ್ 8ಕ್ಕೆ ಸುಮಾರು 4.6 ಜಿಬಿ ಖಾಲಿ ಜಾಗ ಬೇಕಾಗಿದ್ದರಿಂದ 16 ಜಿಬಿ ಫೋನಿನವರು ಪೇಚಿಗೆ ಸಿಲುಕಿದರು. ಮರುವರ್ಷದ ಐಒಎಸ್ 9ಕ್ಕೆ ಆಪಲ್ ಅದನ್ನು 1.3 ಜಿಬಿಗೆ ಇಳಿಸಿತು.

ಜಾಗ ಮಾಡಿಕೊಳ್ಳುವಾಗ ಅನೇಕರು ಮೊದಲು ಕೈಹಾಕುವುದು ಸಣ್ಣಪುಟ್ಟ ಆ್ಯಪ್‌ಗಳಿಗೆ. ಹತ್ತು ಆ್ಯಪ್ ತೆಗೆದರೂ ಸಿಗದಷ್ಟು ಜಾಗ, ಅಳಿಸಿದ್ದೇವೆ ಎಂದುಕೊಂಡ ಫೋಟೋಗಳಲ್ಲೇ ಅಡಗಿರಬಹುದು: ಐಫೋನಿನಲ್ಲಿ ಅಳಿಸಿದ ಚಿತ್ರಗಳು ಕನಿಷ್ಠ 30 ದಿನ ಪ್ರತ್ಯೇಕ ಆಲ್ಬಮ್‌ನಲ್ಲಿ ಉಳಿದಿರುತ್ತವೆ, ಆಂಡ್ರಾಯ್ಡ್ ಗ್ಯಾಲರಿಗಳಿಗೂ ಸಾಮಾನ್ಯವಾಗಿ ಇಂಥದೇ ಕಸದ ಬುಟ್ಟಿಯಿರುತ್ತದೆ. ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಗರಿಷ್ಠ ಏಳು ದಿನಗಳ ಬ್ಯಾಕಪ್ ಕಡತಗಳನ್ನು ಫೋನಿನೊಳಗೇ ಇಟ್ಟುಕೊಳ್ಳುತ್ತದೆ; ವರ್ಷಗಟ್ಟಲೆ ಗುಂಪುಗಳಲ್ಲಿ ಓಡಾಡಿದವರಲ್ಲಿ ಇದೇ ಹಲವು ಜಿಬಿ ಆಗಬಹುದು. ಇತ್ತೀಚಿನದನ್ನು ಉಳಿಸಿಕೊಂಡು ಹಳೆಯವನ್ನು ತೆಗೆಯಬಹುದು. ಆಫ್‌ಲೈನ್‌ನಲ್ಲಿ ನೋಡಲೆಂದು ಇಳಿಸಿಟ್ಟ ವಿಡಿಯೋ, ನಕ್ಷೆಗಳನ್ನು ನಿಶ್ಚಿಂತೆಯಿಂದ ತೆಗೆಯಿರಿ, ಮತ್ತೆ ಇಳಿಸಿಕೊಂಡರಾಯಿತು.

ಕ್ಯಾಶ್, ಅಂದರೆ ಆ್ಯಪ್‌ಗಳು ವೇಗಕ್ಕಾಗಿ ಕೂಡಿಟ್ಟುಕೊಳ್ಳುವ ತಾತ್ಕಾಲಿಕ ಕಡತಗಳನ್ನು ಅಳಿಸುವುದರಿಂದಲೂ ಜಾಗ ದೊರೆಯುತ್ತದೆ, ಆದರೆ ಆ್ಯಪ್ ಬಳಸಿದಂತೆ ಅದು ಮತ್ತೆ ತುಂಬುತ್ತದೆ. ಹಾಗಾಗಿ ಅಪ್‌ಡೇಟ್‌ಗೆ ತುಸು ಮೊದಲು ಮಾಡಿದರೆ ಮಾತ್ರ ಪ್ರಯೋಜನ. ‘ಕ್ಲಿಯರ್ ಕ್ಯಾಶ್’ ಗುಂಡಿಯ ಪಕ್ಕದಲ್ಲೇ ‘ಕ್ಲಿಯರ್ ಸ್ಟೋರೇಜ್’ ಅಥವಾ ‘ಕ್ಲಿಯರ್ ಡೇಟಾ’ ಎಂಬ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಲಾಗಿನ್ ಸಮೇತ ಆ ಆ್ಯಪ್‌ನ ಒಳಗಿನ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ. ಇವೆರಡನ್ನೂ ಅಕ್ಕಪಕ್ಕದಲ್ಲಿ ಇಟ್ಟವರ ಜಾಣ್ಮೆ ನನಗೆ ಇಂದಿಗೂ ಅರ್ಥವಾಗಿಲ್ಲ. ಐಫೋನಿನ ‘ಆಫ್‌ಲೋಡ್’ ಸೌಲಭ್ಯ ಇದಕ್ಕಿಂತ ವಿವೇಕದ್ದು. ಅದು ಆ್ಯಪ್ ಅನ್ನು ತೆಗೆದು ಅದರ ದಾಖಲೆಗಳನ್ನು ಉಳಿಸುತ್ತದೆ.

ಫೋಟೋಗಳ ವಿಷಯದಲ್ಲಂತೂ ಅವಸರ ಬೇಡ. ಚಿತ್ರಗಳನ್ನು ಅಂತರ್ಜಾಲದಲ್ಲಿ ಇಡುವ ಆಪಲ್‌ನ ಐಕ್ಲೌಡ್ ಫೋಟೋಸ್ ಚಾಲೂ ಇದ್ದಾಗ ಫೋನಿನಲ್ಲಿ ಅಳಿಸಿದ ಚಿತ್ರ ಕ್ಲೌಡ್‌ನಿಂದಲೂ ಅಳಿಯುತ್ತದೆ. ಕಂಪ್ಯೂಟರಿಗೆ ನಕಲು ಮಾಡಿ, ಅಲ್ಲಿ ನಾಲ್ಕಾರು ಕಡತಗಳನ್ನು ತೆರೆದು ನೋಡಿದ ಮೇಲೆ ಅಳಿಸುವುದು ಕ್ಷೇಮ. ಕಂಪ್ಯೂಟರ್ ಇದ್ದರೆ ಐಫೋನಿಗೆ ಇನ್ನೊಂದು ದಾರಿಯೂ ಇದೆ: ಕೇಬಲ್ ಜೋಡಿಸಿ ಅಲ್ಲಿಂದಲೇ ಅಪ್‌ಡೇಟ್ ಮಾಡಿದರೆ ಕಡತ ಕಂಪ್ಯೂಟರಿಗೆ ಇಳಿಯುವುದರಿಂದ ಫೋನಿನಲ್ಲಿ ಕಡಿಮೆ ಜಾಗ ಸಾಕಾಗುತ್ತದೆ.

ಇಷ್ಟಾದರೂ ದೊಡ್ಡ ಆವೃತ್ತಿಗೆ ಜಾಗ ಹೊಂದದಿದ್ದರೆ ಅದನ್ನು ಮುಂದೂಡಬಹುದು. ಆದರೆ ಹಳೆಯ ಆವೃತ್ತಿಗೆ ಭದ್ರತಾ ಅಪ್‌ಡೇಟ್‌ಗಳು ಬರುತ್ತಿರುವವರೆಗೆ ಅವನ್ನು ಬಿಡಬೇಡಿ. ಅವುಗಳ ಗಾತ್ರ ಸಾಮಾನ್ಯವಾಗಿ ಚಿಕ್ಕದೇ ಇರುತ್ತದೆ.