ರೆಪ್ಪೆ ಆಪರೇಷನ್‌ಗೆ ಸಿಯೋಲ್‌ಗೆ ಹೊರಟವರಿಗೆ

ಅಕ್ಕನ ಮೇಲ್ರೆಪ್ಪೆಗಳು ವಯಸ್ಸಾಗುತ್ತಾ ಇಳಿದು ನೋಟಕ್ಕೇ ಅಡ್ಡ ಬರುತ್ತಿದ್ದವು. ಪೇಪರ್ ಓದಬೇಕೆಂದರೆ ಹುಬ್ಬು ಮೇಲೆತ್ತಿ, ತಲೆ ಹಿಂದಕ್ಕೆ ವಾಲಿಸಿಕೊಳ್ಳಬೇಕು. ಇದನ್ನು ಸರಿಮಾಡುವ ಓಕ್ಯುಲೋಪ್ಲಾಸ್ಟಿ ಡಾಕ್ಟರುಗಳು ಬೆಂಗಳೂರಿನಲ್ಲೇ ಇದ್ದಾರೆ. ಆದರೂ ನಾವು ಸಿಯೋಲ್‌ಗೆ ಹೋದೆವು. ಅಕ್ಕನ ಮಗಳು ಪಕ್ಕದ ಸುವಾನ್‌ನಲ್ಲಿ ಕೆಲಸದಲ್ಲಿದ್ದಾಳೆ, ಆರೈಕೆಗೆ ಮನೆಯವರೇ ಇರುತ್ತಾರೆ ಎಂಬ ಧೈರ್ಯ. ಅಲ್ಲಿ ನಿಮ್ಮವರು ಯಾರೂ ಇಲ್ಲವೆಂದರೆ, ಸುಮ್ನೆ ಕೊರಿಯಾ ಎಂಬ ಹೆಸರಿಗೆ ಮರುಳಾಗಿ ಹೋಗಬೇಡಿ. ಒಬ್ಬರೇ ಹೋಗುವ ಮಾತಂತೂ ಬೇಡವೇ ಬೇಡ.

ಮೊದಲು ಊರಲ್ಲೇ ಒಬ್ಬ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ರೆಪ್ಪೆ ಇಳಿಯುವುದಕ್ಕೆ ಬರೀ ವಯಸ್ಸೇ ಕಾರಣ ಅಂತಿಲ್ಲ. ನರದ ತೊಂದರೆಯೂ ಇರಬಹುದು, ಸ್ನಾಯುವಿನದೂ ಇರಬಹುದು. ಕಣ್ಣು ಒಣಗುವವರಿಗೆ ಆಪರೇಷನ್ ಆದ ಮೇಲೆ ಅದು ಇನ್ನಷ್ಟು ಕಾಡಬಹುದು. ವಾಪಸ್ ಬಂದ ಮೇಲೆ ಏನಾದರೂ ಆದರೆ ನೋಡುವವರು ಇವರೇ ಅಲ್ವಾ? ಹೋಗುವ ಮುಂಚೆಯೇ ಮಾತಾಡಿಟ್ಟಿರಿ. ಆಸ್ಪಿರಿನ್, ಮೀನೆಣ್ಣೆ ಗುಳಿಗೆಯಂಥವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಹುದು. ಯಾವುದನ್ನು, ಯಾವಾಗ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಲಿ. ಹೃದಯದ ತೊಂದರೆಗೆ ನುಂಗುವ ಗುಳಿಗೆಯನ್ನು ನೀವಾಗಿಯೇ ಬಿಡಬೇಡಿ.

ನಮ್ಮ ಪಾಸ್‌ಪೋರ್ಟ್‌ಗೆ ಕೊರಿಯಾ ವೀಸಾ ಬೇಕು. ಚಿಕಿತ್ಸೆಗೆಂದೇ ಸಿ-3-3 ಎಂಬ ವೀಸಾ ಇದೆ, ಅದಕ್ಕೆ ಕ್ಲಿನಿಕ್‌ನ ಪತ್ರ ಬೇಕಾಗುತ್ತದೆ. ಹೊರದೇಶದ ರೋಗಿಗಳನ್ನು ಕರೆಸಿಕೊಳ್ಳುವ ಕ್ಲಿನಿಕ್ ಅಲ್ಲಿನ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಆ ಸರ್ಟಿಫಿಕೇಟ್ ಕೇಳಿ ನೋಡಿ. ನಮ್ಮ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಮೊದಲೇ ಗೊತ್ತುಮಾಡಿಕೊಂಡ ಆಪರೇಷನ್‌ಗೆ ಬರುವುದಿಲ್ಲ, ಹಾಗಾಗಿ ಸ್ವಲ್ಪ ದುಡ್ಡು ಬೇರೆಯಾಗಿ ಎತ್ತಿಟ್ಟಿರಿ.

ಸಿಯೋಲ್‌ನ ಗಂಗ್ನಮ್ ಕಡೆ, ಅಪ್ಗುಜಂಗ್, ಸಿನ್ಸಾ ಮೆಟ್ರೋ ಸ್ಟೇಷನ್‌ಗಳ ಸುತ್ತ, ಕಟ್ಟಡಕ್ಕೆ ನಾಲ್ಕಾರು ಕ್ಲಿನಿಕ್. ಒಳಗೆ ಮೊದಲು ಸಿಗುವುದು ಡಾಕ್ಟರ್ ಅಲ್ಲ, ಇಂಗ್ಲಿಷ್ ಬಲ್ಲ ಕೋಆರ್ಡಿನೇಟರ್. ಒಂದು ಕಡೆ ಆಕೆ ಅಕ್ಕನ ಮುಂದೆ ಕನ್ನಡಿ ಹಿಡಿದು, ಕಣ್ಣ ಕೆಳಗಿನ ಚೀಲ ತೆಗೆಸಿ, ಹುಬ್ಬೂ ಎತ್ತಿಸಿ ಎಂದು ಪಟ್ಟಿ ಬೆಳೆಸುತ್ತಾ ಹೋದಳು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿಯಂತೆ. ಸೀರೆ ಅಂಗಡಿಯ ವ್ಯಾಪಾರದ ಹಾಗಿತ್ತು, ಎದ್ದು ಬಂದೆವು. ಚಾಕು ಹಿಡಿಯುವ ಡಾಕ್ಟರ್ ಎದುರು ಕೂರದೆ ಒಂದು ರೂಪಾಯಿ ಕಟ್ಟಬೇಡಿ. ಅಕ್ಕನ ಮೂವತ್ತರ ವಯಸ್ಸಿನ ಫೋಟೋ ಒಯ್ದಿದ್ದೆವು. 'ಇಳಿದದ್ದನ್ನು ಎತ್ತಿ ಸಾಕು, ಕಣ್ಣಿನ ಆಕಾರ ಬದಲಿಸಬೇಡಿ' ಎನ್ನಲು ಅದೇ ಆಸರೆಯಾಯಿತು.

ಒಬ್ಬ ಡಾಕ್ಟರನ್ನು ತೋರಿಸಿ ಇನ್ನೊಬ್ಬರ ಕೈಲಿ ಆಪರೇಷನ್ ಮಾಡಿಸಿದ ಹಗರಣಗಳು ಅಲ್ಲಿ ನಡೆದಿವೆ. ಅದಕ್ಕೇ 2023ರ ಸೆಪ್ಟೆಂಬರ್‌ನಿಂದ, ರೋಗಿಗೆ ಪ್ರಜ್ಞೆ ತಪ್ಪಿಸುವ ಆಪರೇಷನ್ ಥಿಯೇಟರ್‌ಗಳಲ್ಲಿ ಕ್ಯಾಮೆರಾ ಕಡ್ಡಾಯ. ರೆಕಾರ್ಡ್ ಆಗಬೇಕೆಂದರೆ ನೀವೇ ಕೇಳಬೇಕು. ಅಕ್ಕನಿಗೆ ರೆಪ್ಪೆಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು. ನಡುವೆ ಎಬ್ಬಿಸಿ ಕೂರಿಸಿ, ಕಣ್ಣು ಬಿಟ್ಟು ಮುಚ್ಚಿಸಿ, ಎರಡೂ ರೆಪ್ಪೆ ಒಂದೇ ಎತ್ತರಕ್ಕಿವೆಯೇ ಎಂದು ನೋಡಿ ಆಮೇಲೆ ಹೊಲಿಗೆ ಹಾಕಿದರಂತೆ. ಇದು ಮುಂಚೆಯೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ.

ಸುವಾನ್ ಮನೆ ಬಿಟ್ಟು ಕ್ಲಿನಿಕ್ ಹತ್ತಿರವೇ ಅಡುಗೆಗೆ ಅನುಕೂಲವಿರುವ ರೂಮ್ ಹಿಡಿದೆವು. ಮೊದಲ ದಿನ ಕಣ್ಣ ಹಿಂದೆ ರಕ್ತ ಕಟ್ಟಿಕೊಳ್ಳುವ ಅಪಾಯ, ಅಪರೂಪಕ್ಕಾದರೂ, ಇದ್ದೇ ಇರುತ್ತದೆ. ತಡೆಯಲಾಗದ ನೋವು, ಮಂಜಾಗುವ ನೋಟ, ಉಬ್ಬಿ ಮುಂದೆ ಬರುವ ಕಣ್ಣು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಆಂಬುಲೆನ್ಸ್ ನಂಬರ್ 119. ಎರಡು ದಿನ ತಣ್ಣನೆ ಪಟ್ಟಿ, ಮಲಗುವಾಗ ಎರಡು ದಿಂಬು, ಬಗ್ಗಿ ಭಾರ ಎತ್ತುವಂತಿಲ್ಲ. ಮಾರನೇ ಬೆಳಿಗ್ಗೆ ಮುಖ ನೋಡಿ ಹೆದರಬೇಡಿ, ಆವತ್ತು ಊತ ಜಾಸ್ತಿಯೇ.

ಉಪ್ಪು ತಿಂದಷ್ಟೂ ಊತ. ಅಲ್ಲಿ ಸೂಪು, ಕಿಮ್ಚಿ ಎಂಬ ಹುಳಿಬರಿಸಿದ ತರಕಾರಿ, ಎಲ್ಲದರಲ್ಲೂ ಉಪ್ಪು, ಜೊತೆಗೆ ಮೀನು ಸೀಗಡಿಯ ರಸ ಬೇರೆ. ಸಸ್ಯಾಹಾರಿಗಳು ಅವಲಕ್ಕಿ, ರಸಂ ಪುಡಿ ಕಟ್ಟಿಕೊಂಡೇ ಹೋಗಿ. ಕುಂಬಳಕಾಯಿ ಗಂಜಿ, ಹೊಬಾಕ್‌ಜುಕ್, ಊತ ಇಳಿಸುತ್ತದೆಂದು ಅಲ್ಲಿಯವರು ಕೊಡುತ್ತಾರೆ. ಇಳಿಸುತ್ತೋ ಬಿಡುತ್ತೋ, ಅಕ್ಕನಿಗೆ ಬಾಯಿಗೆ ಹಿಡಿಸಿದ್ದು ಅದೊಂದೇ. ದಾರಿ ಹುಡುಕಲು ಫೋನಿಗೆ ನೇವರ್ ಮ್ಯಾಪ್ ಹಾಕಿಕೊಳ್ಳಿ.

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 5ರಿಂದ 7 ದಿನಕ್ಕೆ. ಬಿಚ್ಚಿಸಿಕೊಂಡ ದಿನವೇ ವಿಮಾನ ಹತ್ತಬೇಡಿ, ಇನ್ನೂ ಕೆಲವು ದಿನ ಕೈಯಲ್ಲಿರಲಿ. ದಿನಾಂಕ ಬದಲಿಸಬಹುದಾದ ಟಿಕೆಟ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ವಿಮಾನದೊಳಗಿನ ಒಣ ಗಾಳಿಗೆ ಕಣ್ಣು ಉರಿಯುತ್ತದೆ, ಡ್ರಾಪ್ಸ್ ಕೈಚೀಲದಲ್ಲೇ ಇರಲಿ. ಪಾಸ್‌ಪೋರ್ಟ್ ಫೋಟೋಗೂ ಊದಿದ ಮುಖಕ್ಕೂ ಹೊಂದದೆ ಹೋಗಬಹುದು, ಕ್ಲಿನಿಕ್‌ನಿಂದ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಅದರ ಜೊತೆಗೇ ಆಪರೇಷನ್ ವಿವರ, ಕೊಟ್ಟ ಔಷಧಿಗಳ ಹೆಸರು ಕೇಳಿ ಪಡೆಯಿರಿ. ಊರಿನ ಡಾಕ್ಟರ್ ಮೊದಲು ಕೇಳುವುದು ಆ ಕಾಗದವನ್ನೇ.