ಕೀ ತಿರುಗಿಸದ ಆರು ದಿನ

2022ರ ಸೆಪ್ಟೆಂಬರ್ 4ರ ಭಾನುವಾರ ರಾತ್ರಿ ಸುರಿದ ಮಳೆಯನ್ನು ಬೆಂಗಳೂರಿನ ಹೊರವರ್ತುಲ ರಸ್ತೆ ಮತ್ತು ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ವಾಸಿಸುವ ಯಾರೂ ಮರೆತಿರಲಾರರು. ಸೋಮವಾರ ಬೆಳಿಗ್ಗೆಯ ಹೊತ್ತಿಗೆ ನಗರದಲ್ಲಿ 24 ಗಂಟೆಗಳ ಲೆಕ್ಕಕ್ಕೆ 131.6 ಮಿಲಿಮೀಟರ್ ಮಳೆ ದಾಖಲಾಗಿತ್ತು. ಕೆರೆಗಳು ತುಂಬಿ, ರಾಜಕಾಲುವೆಯ ನೀರು ರಸ್ತೆಗೆ ಏರಿ, ಕಚೇರಿಗೆ ಹೋಗುವವರು ಟ್ರಾಕ್ಟರ್ ಹತ್ತಿದ ದಿನವದು. ಆ ನೀರಿನ ಒಂದು ಪಾಲು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೂ ಇಳಿದಿತ್ತು. ಮೆಟ್ಟಿಲ ಮೇಲೆ ನಿಂತು ಟಾರ್ಚ್ ಹಾಯಿಸಿದಾಗ ನಮ್ಮ ಬಿಳಿ ಮಾರುತಿ 800ರ ಗಾಜು ಮತ್ತು ಛಾವಣಿ ಮಾತ್ರ ಕಾಣುತ್ತಿದ್ದವು. ಬಾನೆಟ್ ಪೂರ್ತಿ ಮುಳುಗಿತ್ತು.

ಆ ಕಾರನ್ನು ಅಪ್ಪ 2009ರಲ್ಲಿ ಕೊಂಡಿದ್ದರು. ನಾನು ಗಾಡಿ ಓಡಿಸಲು ಕಲಿತದ್ದು ಅದರಲ್ಲೇ. ಅಪ್ಪ ಕೆ.ಎಸ್‌.ಆರ್‌.ಟಿ.ಸಿ. ಡಿಪೊ ಒಂದರಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು, ನಿವೃತ್ತರಾದ ಮೇಲೆ ಹಾಸನದಲ್ಲಿ ನೆಲೆಸಿದ್ದಾರೆ. ಫೋನಿನಲ್ಲಿ ನಾನು ಅಳುಕುತ್ತ ವಿಷಯ ತಿಳಿಸಿದಾಗ ಅವರು ಕಾರಿನ ಗತಿ ಏನಾಯಿತೆಂದು ವಿಚಾರಿಸಲೇ ಇಲ್ಲ. “ನೀನು ಕೆಳಗೆ ಇಳಿಯಬೇಡ, ಕರೆಂಟ್ ಮೇನ್ ಆಫ್ ಆಗಿದೆಯಾ ನೋಡು. ನೀರು ಇಳಿದ ಮೇಲೂ ಕೀ ಮಾತ್ರ ತಿರುಗಿಸಬೇಡ ಕಣಮ್ಮಾ, ನಾನು ಬರ್ತೀನಿ” ಎಂದಷ್ಟೇ ಹೇಳಿದರು.

ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಬುಧವಾರ ಬೆಳಿಗ್ಗೆ. ಪಂಪುಗಳು ಹಗಲೂ ರಾತ್ರಿ ಓಡಿ ಬೇಸ್‌ಮೆಂಟ್ ಬರಿದಾಗಿತ್ತು. ನಮ್ಮ ಎದುರು ಸಾಲಿನ ನೆರೆಯವರೊಬ್ಬರು ತಮ್ಮ ಎರಡು ವರ್ಷದ ಕಾರಿನಲ್ಲಿ ಕುಳಿತು, ಹೊತ್ತಿಕೊಂಡರೆ ಹೊತ್ತಿಕೊಳ್ಳಲಿ ಎಂದು ಒಮ್ಮೆ ಸ್ಟಾರ್ಟ್ ಮಾಡಿ ನೋಡಿದರು. ಒಳಗಿನಿಂದ ‘ಟಕ್’ ಎಂದು ಒಂದೇ ಒಂದು ಸದ್ದು ಬಂತು, ಮತ್ತೆ ಏನೂ ಕೇಳಲಿಲ್ಲ. ಸಿಲಿಂಡರಿನೊಳಗೆ ಬರುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಎಂಟು ಒಂಬತ್ತರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಗಾಳಿ ಹಾಗೆ ಅದುಮಿಸಿಕೊಳ್ಳುತ್ತದೆ, ಆದರೆ ನೀರು ಅದುಮಿಸಿಕೊಳ್ಳುವುದಿಲ್ಲ. ಏರ್ ಫಿಲ್ಟರಿನ ದಾರಿಯಲ್ಲಿ ಒಳಸೇರಿದ ನೀರು ಸಿಲಿಂಡರಿನಲ್ಲಿ ನಿಂತಿರುವಾಗ ಸೆಲ್ಫ್ ಹೊಡೆದರೆ, ಮೇಲೇರುವ ಪಿಸ್ಟನ್ ಕಲ್ಲಿಗೆ ತಲೆ ಗುದ್ದಿದಂತೆ ನಿಂತು, ಅದನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೂರು ದಿನ ನೀರಿನಲ್ಲಿದ್ದರೂ ಉಳಿದುಕೊಂಡಿರಬಹುದಾಗಿದ್ದ ಎಂಜಿನ್, ಒಂದು ಕ್ಷಣದ ಆತುರಕ್ಕೆ ಹಾಳಾಯಿತು.

ಅವರಿಗೆ ಆದ ಎರಡನೆಯ ಪೆಟ್ಟು ವಿಮೆಯದು. ಸಮಗ್ರ ವಿಮೆ ಇದ್ದರೆ ಪ್ರವಾಹದ ನಷ್ಟ ಸಿಗುತ್ತದೆ ಎನ್ನುವುದು ನಿಜ. ಆದರೆ ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿಯನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಪ್ರವಾಹದ ನೇರ ಹಾನಿಯೆಂದು ಒಪ್ಪುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು, ಅವರ ಬಳಿ ಅದು ಇರಲಿಲ್ಲ. ನಮ್ಮ ಹಳೆಯ ಕಾರಿಗೆ ಕಾನೂನಿನಂತೆ ಕಡ್ಡಾಯವಾದ, ಬೇರೆಯವರಿಗಾದ ಹಾನಿಯನ್ನಷ್ಟೇ ಭರಿಸುವ ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದುದರಿಂದ, ನಮಗೆ ನಷ್ಟ ಅಳೆಯಲು ಬರುವ ವಿಮಾ ಸರ್ವೇಯರನ್ನು ಕಾಯುವ ಪ್ರಶ್ನೆಯೇ ಇರಲಿಲ್ಲ. ಸಮಗ್ರ ವಿಮೆ ಇರುವವರು ಮಾತ್ರ ಗಾಡಿಯನ್ನು ಕದಲಿಸುವ ಮೊದಲೇ ನೀರಿನ ಮಟ್ಟ ಕಾಣುವಂತೆ ಫೋಟೊ ತೆಗೆದು, ಕಂಪನಿಗೆ ತಿಳಿಸಿ, ಆಮೇಲೆ ಬೇರೆ ಕೆಲಸಕ್ಕೆ ಕೈಹಾಕಬೇಕು.

ಅಪ್ಪ ಅಂದು ಮಧ್ಯಾಹ್ನ ಬಸ್ಸಿನಲ್ಲಿ ತಮ್ಮ ಹಳೆಯ ಟೂಲ್ ಬಾಕ್ಸ್ ಹೊತ್ತು ಬಂದಿಳಿದರು. ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿದರು. ಗೇರಿನಲ್ಲಿಟ್ಟು ಎಳೆದರೆ ಚಕ್ರದ ಜೊತೆ ಎಂಜಿನ್ ಕೂಡ ತಿರುಗಿ, ಕೀ ತಿರುಗಿಸಿದಷ್ಟೇ ಅನಾಹುತವಾಗುತ್ತದೆಂದು ಎಚ್ಚರಿಸಿ, ಗೇರನ್ನು ನ್ಯೂಟ್ರಲ್‌ಗೆ ಹಾಕಿಸಿದರು. ಕಾವಲುಗಾರರು ಮತ್ತು ನೆರೆಯ ಹುಡುಗರು ಸೇರಿ ಹಗ್ಗ ಕಟ್ಟಿ ಕಾರನ್ನು ರ‍್ಯಾಂಪಿನ ಮೇಲಕ್ಕೆ ತಂದರು. ನೆಲದಲ್ಲಿರುವ ರಬ್ಬರ್ ಮುಚ್ಚಳಗಳನ್ನು ಕಿತ್ತಾಗ ಒಳಗಿನ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಮೂರೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದ ಮೇಲೆ ಅಪ್ಪ, ತಿರುಗಿಸಿದರೆ ಪಿಸ್ಟನ್‌ಗಳೂ ಚಲಿಸುವ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು, ಬಾವಿಯ ರಾಟೆ ತಿರುಗಿಸುವವರಂತೆ ನಿಧಾನವಾಗಿ ಎಳೆಯತೊಡಗಿದರು. ಮೊದಲು ಸ್ಪ್ಯಾನರ್ ಅಲುಗಲೇ ಇಲ್ಲ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಆಮೇಲೆ ಒಂದು ಗೇಣು ಸರಿಯಿತು, ಮತ್ತೊಂದು ಗೇಣು ಸರಿಯಿತು, ಆಗ ನಡುವಿನ ಪ್ಲಗ್ಗಿನ ತೂತಿನಿಂದ ಕಂದು ನೀರು ಚಿಮ್ಮಿ ಅವರ ಅಂಗಿಯ ಎದೆಯ ಮೇಲೆ ಬಿತ್ತು. ನೀರು ಬರುವುದು ಪೂರ್ತಿ ನಿಲ್ಲುವವರೆಗೆ ತಿರುಗಿಸಿ, ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿಯದಿರಲೆಂದು ಪ್ರತಿ ತೂತಿಗೂ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಮತ್ತೆ ಕೈಯಿಂದಲೇ ತಿರುಗಿಸಿದರು. “ರಾಡ್ ನೆಟ್ಟಗಿದೆ” ಎಂದಾಗ ಅವರ ಮುಖದಲ್ಲಿ ಆ ದಿನದ ಮೊದಲ ನಗು ಕಂಡಿತು.

ಕೆಳಗಿನ ಬೋಲ್ಟ್ ಬಿಚ್ಚಿದಾಗ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನಿಂದ ಮೊದಲು ನೀರು, ಅದರ ಹಿಂದೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಆಯಿಲ್ ಬಂತು. ಗೇರ್ ಬಾಕ್ಸಿನ ಆಯಿಲಿನದೂ ಅದೇ ಬಣ್ಣ. ನೀರು ಬೆರೆತ ಆಯಿಲಿಗೆ ಜಾರಿಸುವ ಗುಣ ಉಳಿದಿರುವುದಿಲ್ಲವಾದ್ದರಿಂದ ಅದರಲ್ಲಿ ಎಂಜಿನ್ ಓಡಿಸಿದರೆ ಬೇರಿಂಗುಗಳು ಸವೆದುಹೋಗುತ್ತವೆ. ಪೆಟ್ರೋಲ್ ಟ್ಯಾಂಕನ್ನು ಇಳಿಸಿ ಅದರಲ್ಲಿದ್ದುದನ್ನು ಎರಡು ಲೀಟರಿನ ಬಾಟಲಿಗೆ ತುಂಬಿ ಕಾಂಪೌಂಡಿನ ಮೇಲಿಟ್ಟೆವು. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಎರಡು ಪದರವಾಯಿತು. ಮೇಲೆ ತಿಳಿಯಾದ ಪೆಟ್ರೋಲ್, ಕೆಳಗೆ ಮಬ್ಬು ನೀರು, ತಳದಲ್ಲಿ ನೂಲಿನಷ್ಟು ತೆಳ್ಳಗೆ ಕೆಸರಿನ ಗೆರೆ. ಪೆಟ್ರೋಲ್ ಪಂಪು ಕೂತಿರುವುದು ಟ್ಯಾಂಕಿನ ತಳದಲ್ಲಿ. ಎಂಜಿನ್ನಿಗೆ ಮೊದಲು ಹೋಗುತ್ತಿದ್ದುದು ಆ ಕೆಳಗಿನ ಪದರವೇ.

ಗುರುವಾರ ಮತ್ತು ಶುಕ್ರವಾರ ಪೂರ್ತಿ ವೈರಿಂಗಿಗೆ ಹೋಯಿತು. ನಿಜವಾದ ತಾಳ್ಮೆ ಬೇಕಾದದ್ದು ಇಲ್ಲಿ. ನಮ್ಮ ಬೇಸ್‌ಮೆಂಟಿಗೆ ಬಂದದ್ದು ಬರೀ ಮಳೆನೀರಲ್ಲ, ಚರಂಡಿ ಬೆರೆತ ರಾಜಕಾಲುವೆಯ ನೀರು. ಅದು ತಾಮ್ರವನ್ನು ಬೇಗ ತಿನ್ನುತ್ತದೆ. ಫ್ಯೂಸ್ ಬಾಕ್ಸಿನ ಹಲ್ಲುಗಳ ಮೇಲೆ ಆಗಲೇ ಹಸಿರು ಕಿಲುಬು ಕಾಣಿಸಿಕೊಂಡಿತ್ತು. ವೈರುಗಳನ್ನು ಕೂಡಿಸುವ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಮತ್ತೆ ಜೋಡಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಯಾವುದು ಯಾವುದಕ್ಕೆ ಸೇರುತ್ತದೆ ಎಂದು ಮೊದಲೇ ಫೋಟೊ ತೆಗೆದುಕೊಂಡಿದ್ದರಿಂದ ಗೊಂದಲವಾಗಲಿಲ್ಲ. ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆಯನ್ನು ಬಿಚ್ಚಿ, ಸ್ಪಿರಿಟ್ಟಿನಲ್ಲಿ ತೊಳೆದು, ಹೊಸ್ತಿಲಿನ ಬಳಿ ಫ್ಯಾನಿನ ಗಾಳಿಗೆ ಎರಡು ದಿನ ಇಟ್ಟಿದ್ದೆವು. ಸೆಲ್ಫ್ ಮೋಟಾರ್ ಮತ್ತು ಆಲ್ಟರ್ನೇಟರನ್ನು ಬಿಚ್ಚಿ ಒಣಗಿಸಲು ಹತ್ತಿರದ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಗೆ ಕೊಟ್ಟೆವು. ಬೇಕಾದ ಬಿಡಿಭಾಗಗಳೆಲ್ಲ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಬ್ರೇಕ್ ಆಯಿಲ್ ಬದಲಿಸಿ, ಹಿಂದಿನ ಡ್ರಮ್ಮುಗಳನ್ನು ತೆಗೆದು ಒರೆಸಿ, ಚಕ್ರದ ಬೇರಿಂಗುಗಳಿಗೆ ಹೊಸ ಗ್ರೀಸ್ ತುಂಬಿದ್ದನ್ನು ವಿವರಿಸುತ್ತ ಕೂರುವುದಿಲ್ಲ, ಆದರೆ ಅದನ್ನು ಯಾರೂ ಬಿಡಬಾರದು.

ಶನಿವಾರ ಸಂಜೆ ಹೊಸ ಆಯಿಲ್, ಹೊಸ ಫಿಲ್ಟರುಗಳು, ಹೊಸ ಪ್ಲಗ್ಗುಗಳು ಮತ್ತು ಹೊಸ ಬ್ಯಾಟರಿ ಹಾಕಿದ ಮೇಲೆ ಅಪ್ಪ ಕೀಯನ್ನು ನನ್ನ ಕೈಗೆ ಕೊಟ್ಟರು. ಮೂರನೆಯ ಪ್ರಯತ್ನಕ್ಕೆ ಎಂಜಿನ್ ಹೊತ್ತಿಕೊಂಡಿತು, ಸೈಲೆನ್ಸರಿನಿಂದ ನೀರಿನ ಜೊತೆ ಬಿಳಿ ಹೊಗೆ ಬಂತು, ಆಮೇಲೆ ಆ ಪರಿಚಿತ ಮೂರು ಸಿಲಿಂಡರಿನ ಸದ್ದು ಒಂದು ಲಯಕ್ಕೆ ಬಂತು. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಆ ಹೊಸ ಆಯಿಲನ್ನೂ ಚೆಲ್ಲಿ ಮತ್ತೊಮ್ಮೆ ತುಂಬಿದೆವು. ಸಂದಿಗಳಲ್ಲಿ ಉಳಿದ ನೀರನ್ನು ಹೊರತರಲು ಬೇರೆ ದಾರಿಯಿಲ್ಲ.

ಎಲ್ಲ ಸೇರಿ ಸುಮಾರು 31 ಸಾವಿರ ರೂಪಾಯಿ ಖರ್ಚಾಯಿತು, ಅಪ್ಪನ ಕೂಲಿಯನ್ನು ಬಿಟ್ಟು. ಎಲ್ಲರೂ ಹೀಗೆ ಮಾಡಬೇಕೆಂದು ನಾನು ಹೇಳಲಾರೆ. ನಮ್ಮದು ಏರ್‌ಬ್ಯಾಗ್ ಇಲ್ಲದ, ಒಂದೇ ಕಂಪ್ಯೂಟರ್ ಪೆಟ್ಟಿಗೆಯ ಸರಳ ಕಾರು. ಈಗಿನ ಕಾರುಗಳಲ್ಲಿ ಸೀಟಿನ ಕೆಳಗೆ, ಬಾಗಿಲಿನೊಳಗೆ, ಎಲ್ಲೆಲ್ಲೂ ಇಲೆಕ್ಟ್ರಾನಿಕ್ ಭಾಗಗಳಿರುತ್ತವೆ. ಇಂದು ಸರಿಯಾಗಿ ಕೆಲಸ ಮಾಡಿದ ಏರ್‌ಬ್ಯಾಗ್ ವೈರು ಆರು ತಿಂಗಳ ನಂತರ ಕಿಲುಬಿನಿಂದ ಕೈಕೊಡಬಹುದು. ಅಂಥ ಕಾರಿನ ದುರಸ್ತಿ ಮತ್ತು ಸಾಗಣೆಯ ವೆಚ್ಚ ವಿಮೆಯಲ್ಲಿ ನಮೂದಾದ ಮೌಲ್ಯದ ಶೇ. 75ನ್ನು ಮೀರಿದರೆ ಕಂಪನಿ ಅದನ್ನು ಪೂರ್ಣ ನಷ್ಟವೆಂದೇ ಪರಿಗಣಿಸುತ್ತದೆ. ಆ ಹಣವನ್ನು ಪಡೆದು ಗಾಡಿಯ ಆಸೆ ಬಿಡುವುದೇ ಜೀವಕ್ಕೆ ಕ್ಷೇಮವೆಂದು ನಾನು ನಂಬುತ್ತೇನೆ.

ಎಂಜಿನ್ ಓಡಿದ ಮೇಲೂ ಒಳಗಿನ ಕೆಲಸ ತಿಂಗಳು ಹಿಡಿಯಿತು. ಸೀಟುಗಳನ್ನು ತಾರಸಿಗೆ ಹೊತ್ತೆವು, ಕಾರ್ಪೆಟ್ಟನ್ನು ಸೋಪಿನ ನೀರಿನಲ್ಲಿ ಒಗೆದೆವು, ಅದರ ಅಡಿಯ ಫೆಲ್ಟನ್ನು ಎಸೆದು ಹೊಸದು ಹಾಸಿದೆವು. ಬೂಷ್ಟಿನ ವಾಸನೆ ದೀಪಾವಳಿಯ ಹೊತ್ತಿಗೆ ಹೋಯಿತು.

ಮುಂದಿನ ವರ್ಷ ಸಹೋದ್ಯೋಗಿಯೊಬ್ಬರು ಹಳೆಯ ಕಾರು ಕೊಳ್ಳಲು ಹೊರಟಾಗ ನನ್ನನ್ನೂ ಕರೆದೊಯ್ದರು. ಕಾರು ಫಳಫಳ ಹೊಳೆಯುತ್ತಿತ್ತು, ಒಳಗೆ ಸುಗಂಧದ ವಾಸನೆ ಇತ್ತು. ನಾನು ಚಾಲಕನ ಸೀಟ್ ಬೆಲ್ಟನ್ನು ಹಿಡಿದು, ಇನ್ನು ಬರುವುದಿಲ್ಲ ಎನ್ನುವವರೆಗೆ ಹೊರಗೆಳೆದೆ. ಯಾರೂ ತೊಳೆಯದ ಆ ಕೊನೆಯ ಒಂದು ಮೊಳದಲ್ಲಿ, ನಮ್ಮ ಕಾರಿನ ಬೆಲ್ಟಿನಲ್ಲಿ ಇಂದಿಗೂ ಇರುವಂಥದೇ, ಕೆಸರಿನ ಒಂದು ಕಂದು ಗೆರೆ ಅಡ್ಡಲಾಗಿ ಒಣಗಿತ್ತು.