ಮಾತು ಬರೋಕೆ ಏನು ಮಾಡಿದ್ರಿ?

ನನಗೆ ಪರಿಚಯವೇ ಇಲ್ಲದವರು ಈಗೀಗ ಫೋನ್ ಮಾಡುತ್ತಾರೆ. ಯಾರದೋ ತಂಗಿ, ಯಾರದೋ ಸೊಸೆ. ಅದೂ ಇದೂ ಮಾತಾಡಿ ಕೊನೆಗೆ ಒಂದೇ ಪ್ರಶ್ನೆಗೆ ಬರುತ್ತಾರೆ: "ಅಕ್ಕಾ, ನಿಮ್ಮ ಮಗನಿಗೆ ಮಾತು ಬರೋಕೆ ಏನು ಮಾಡಿದ್ರಿ?" ಅವರ ಮಗುವಿಗೆ ಎರಡೋ ಎರಡೂವರೆಯೋ ವರ್ಷ. ಆಟಿಸಂ (ಮಾತು, ಜನರ ಜೊತೆ ಬೆರೆಯೋದು ಬೇರೆ ಥರ ಬೆಳೆಯುವ ಸ್ಥಿತಿ) ಅಂತ ಡಾಕ್ಟರ್ ಹೇಳಿರುತ್ತಾರೆ, ಇಲ್ಲವೇ ಹೇಳಿಬಿಟ್ಟಾರು ಅನ್ನೋ ಭಯ ಇರುತ್ತದೆ. ಫೋನಿನಲ್ಲಿ ಪ್ರತಿ ಸಲ ಅರ್ಧಂಬರ್ಧ ಹೇಳುತ್ತೇನೆ. ಇವತ್ತು ಕೂತು ಪೂರ್ತಿ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಈಗ ಏಳು ವರ್ಷ. ಸಣ್ಣ ಸಣ್ಣ ವಾಕ್ಯ ಮಾತಾಡುತ್ತಾನೆ. ವರ್ಷ ತುಂಬಿದಾಗ ‘ಅಜ್ಜಿ’, ‘ಕಾಕಾ’ ಅಂತಿದ್ದ. ಒಂದೂವರೆ ವರ್ಷಕ್ಕೆ ಅವೂ ನಿಂತವು. ಆಟಿಸಂ ಇರುವ ಕೆಲವು ಮಕ್ಕಳಲ್ಲಿ ಹೀಗೆ ಬಂದ ಮಾತೇ ಹೋಗುತ್ತದೆ. ಆಗ ನನಗೆ ಅದು ಗೊತ್ತಿರಲಿಲ್ಲ. ಗಂಡು ಹುಡುಗರಿಗೆ ತಡ ಕಣವ್ವ ಅಂದರು. ಅವರಪ್ಪ ಬಾಯಿ ಬಿಟ್ಟಿದ್ದೇ ನಾಲ್ಕಕ್ಕೆ ಅಂದರು. ಅತ್ತೆ ಬಜೆ ಬೇರು ತೇದು ನಾಲಿಗೆಗೆ ಹಚ್ಚಿದರು. ಎಲ್ಲ ಪ್ರೀತಿಯಿಂದಲೇ. ಆದರೆ ಹೀಗೇ ಎಂಟು ತಿಂಗಳು ಕಳೆಯಿತು. ಆ ಎಂಟು ತಿಂಗಳು ನೆನೆದರೆ ಇವತ್ತಿಗೂ ಹೊಟ್ಟೆ ಸಂಕಟ ಆಗುತ್ತದೆ.

ಹಾಗಾಗಿ ಮೊದಲು ಇದನ್ನು ಹೇಳಿಬಿಡುತ್ತೇನೆ. ವರ್ಷ ತುಂಬಿದರೂ ಮಗು ‘ಬಬ್ಬಬ್ಬ’, ‘ದದ್ದದ್ದ’ ಅನ್ನುತ್ತಿಲ್ಲ, ಬೆರಳು ತೋರಿಸುತ್ತಿಲ್ಲ, ಟಾಟಾ ಮಾಡುತ್ತಿಲ್ಲ ಅಂದರೆ ತೋರಿಸಿ. 16 ತಿಂಗಳಿಗೆ ಒಂದು ಪದವೂ ಇಲ್ಲದಿದ್ದರೆ, 24 ತಿಂಗಳಿಗೆ ತಾನಾಗಿ ಎರಡು ಪದ ಜೋಡಿಸದಿದ್ದರೆ ತೋರಿಸಿ. ಇದ್ದ ಮಾತು ಹೋಯಿತು ಅಂದರಂತೂ ಆ ವಾರವೇ ಹೋಗಿ. ಮೊದಲು ಕಿವಿ ಪರೀಕ್ಷೆ ಆಗಬೇಕು. ಟಿವಿ ಹಾಡಿಗೆ ಓಡಿ ಬರುತ್ತಾನೆ, ಕಿವಿಗೇನೂ ಆಗಿಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಮಗು ಮಲಗಿದ್ದಾಗಲೇ ಮಾಡುವ ‘ಬೇರಾ’ ಪರೀಕ್ಷೆ ಇದೆ. ನಮ್ಮ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ ಸಿಆರ್‌ಸಿ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಜನ ‘ಆಯಿಷ್’ ಅನ್ನುತ್ತಾರೆ. ಆಟಿಸಂ ಹೌದೋ ಅಲ್ಲವೋ ಅಂತ ಕಾಗದ ಕೈಗೆ ಬರುವ ತನಕ ಥೆರಪಿ, ಅಂದರೆ ಮಾತಿನ ತರಬೇತಿ, ನಿಲ್ಲಿಸಿಕೊಂಡು ಕೂರಬೇಕಾಗಿಲ್ಲ.

ಈಗ ನಿಮ್ಮ ಪ್ರಶ್ನೆ. ಮಾತು ಬರೋಕೆ ನಾನು ಮಾಡಿದ್ದು, ಮಾತಿನ ಬೆನ್ನು ಹತ್ತೋದನ್ನ ಬಿಟ್ಟಿದ್ದು.

ಅದಕ್ಕೆ ಮುಂಚೆ ದಿನವಿಡೀ "ಅಮ್ಮ ಅನ್ನು, ಹಸು ಅನ್ನು" ಅಂತ ಅವನ ಮುಖದ ಹತ್ತಿರ ಮುಖ ತಂದು ಪೀಡಿಸುತ್ತಿದ್ದೆ. ಅವನು ಕತ್ತು ತಿರುಗಿಸಿಕೊಳ್ಳುತ್ತಿದ್ದ. ಸ್ಪೀಚ್ ಥೆರಪಿಸ್ಟ್ ಮೇಡಂ ಒಂದು ದಿನ ಕೇಳಿದರು: "ಅವನಿಗೆ ಏನಾದ್ರೂ ಬೇಕಾದಾಗ ಏನು ಮಾಡ್ತಾನೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಬೇಕು ಅನಿಸುವ ಮೊದಲೇ ನಾನು ಎಲ್ಲವನ್ನೂ ಕೊಟ್ಟು ಮುಗಿಸಿರುತ್ತಿದ್ದೆ.

ಅವನಿಗೆ ಮಂಡಕ್ಕಿ ಅಂದರೆ ಪ್ರಾಣ. ತಟ್ಟೆ ತುಂಬ ಸುರಿದು ಕೊಡೋದು ನಿಲ್ಲಿಸಿದೆ. ಒಳಗಿನದು ಕಾಣುವಂಥ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಅವನ ಮುಂದಿಟ್ಟು ಸುಮ್ನೆ ಕೂತೆ. ಅಲ್ಲಾಡಿಸಿದ. ಕಚ್ಚಿದ. ನೆಲಕ್ಕೆ ಬಡಿದ. ಅತ್ತ. ನನ್ನ ಕರುಳು ಕಿತ್ತು ಬರುತ್ತಿತ್ತು. ಆಮೇಲೆ ನನ್ನ ಮಣಿಕಟ್ಟು ಹಿಡಿದು, ಕೈ ಎಳೆದು ಮುಚ್ಚಳದ ಮೇಲೆ ಇಟ್ಟ. ಮುಖ ನೋಡಲಿಲ್ಲ. ನನ್ನ ಕೈ ಅವನಿಗೆ ಒಂದು ಇಕ್ಕಳ ಇದ್ದ ಹಾಗೆ. ಆದರೂ ಅವನು ಕೇಳಿದ್ದ, ಅಲ್ವಾ? "ತೆಗಿ" ಅಂದು ತೆಗೆದೆ. ಬೇರೆ ಏನೂ ಹೇಳಲಿಲ್ಲ. ಚೂರು ಕೊಟ್ಟು ಮತ್ತೆ ಮುಚ್ಚಿದೆ. ಮತ್ತೆ ಕೈ ಎಳೆದ, ಮತ್ತೆ "ತೆಗಿ". ಆ ಸಂಜೆ ಹನ್ನೊಂದು ಸಲ.

ಕೆಲವು ವಾರದಲ್ಲಿ ಡಬ್ಬಿಯನ್ನೇ ತಂದು ನನ್ನ ಕೈಗೆ ಕೊಡತೊಡಗಿದ. ಆಗ ಮೇಡಂ ಚಿತ್ರ ಶುರು ಮಾಡಿಸಿದರು. ಮಂಡಕ್ಕಿ ಡಬ್ಬಿ, ನೀರಿನ ಲೋಟ, ಜೋಕಾಲಿಯ ಫೋಟೋ ತೆಗೆದು, ಲ್ಯಾಮಿನೇಷನ್ ಮಾಡಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದೆವು. ಬೇಕಾದ್ದನ್ನು ಕಿತ್ತು ತಂದು ನಮ್ಮ ಕೈಗೆ ಕೊಡಬೇಕು. ಅಮೆರಿಕದಲ್ಲಿ 1985ರಲ್ಲಿ ಹುಟ್ಟಿದ ‘ಪೆಕ್ಸ್’ ಅನ್ನೋ ಪದ್ಧತಿ ಇದು. "ಚಿತ್ರ ಕೊಟ್ರೆ ಬಾಯಿ ಯಾಕೆ ಬಿಡ್ತಾನೆ?" ಅಂತ ಮನೆಯಲ್ಲಿ ಎಲ್ಲರೂ ಹೆದರಿದರು. ನಾನೂ ಹೆದರಿದ್ದೆ. 2006ರಲ್ಲಿ ಮತ್ತು 2008ರಲ್ಲಿ ಬಂದ ಎರಡು ವರದಿಗಳು ಇಂಥ ಪದ್ಧತಿಗಳ ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿವೆ. ಚಿತ್ರ, ಸನ್ನೆ ಕಲಿತದ್ದಕ್ಕೆ ಮಾತು ಕಡಿಮೆಯಾಗಿದ್ದು ಕಂಡಿಲ್ಲ. ಹೆಚ್ಚಿನ ಮಕ್ಕಳಲ್ಲಿ ಅಷ್ಟೋ ಇಷ್ಟೋ ಜಾಸ್ತಿಯಾಗಿದೆ. ನಮ್ಮವನ ಮೊದಲ ಮಾತೂ ಚಿತ್ರ ಕೊಡುವಾಗಲೇ ಬಂದಿದ್ದು. ‘ತೆ’. ಅಷ್ಟೇ. ನಾನು ಅಡುಗೆಮನೆ ನೆಲದ ಮೇಲೆ ಕೂತು ಅತ್ತೆ.

ಬೇಕು ಅಂತ ಕೇಳೋದು ಬೇರೆ, ನೋಡು ಅಂತ ತೋರಿಸೋದು ಬೇರೆ. ಎರಡನೆಯದು ನಮ್ಮ ಮಕ್ಕಳಿಗೆ ತುಂಬಾ ಕಷ್ಟ, ಮಾತಿಗೆ ಅದೂ ಬೇಕು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ನಾವು ಎಷ್ಟು ಸಲ ಕಾದಿದ್ದೇವೋ ಲೆಕ್ಕವಿಲ್ಲ. ಸ್ಕೂಟಿ ಮುಂದೆ ನಿಂತು ಗಾಲಿಗಳನ್ನೇ ನೋಡುತ್ತಿದ್ದ. ನಾನು ಪ್ರತಿ ಸಲ ಅವನು ನೋಡೋದನ್ನೇ ನೋಡಿ "ರೈಲು" ಅನ್ನುತ್ತಿದ್ದೆ. ಮೂರೂವರೆ ವರ್ಷದವನಿದ್ದಾಗ ಒಂದು ದಿನ ಗೂಡ್ಸ್ ಗಾಡಿ ಬಂತು. ಗಾಡಿ ನೋಡಿದ. ತಿರುಗಿ ನನ್ನ ಮುಖ ನೋಡಿದ. ಮತ್ತೆ ಗಾಡಿ ನೋಡಿದ. ಅವತ್ತು ಅವನು ಏನೂ ಮಾತಾಡಲಿಲ್ಲ. ಆದರೆ ಆ ‘ತೆ’ಗಿಂತ ನನಗೆ ಇದೇ ದೊಡ್ಡದು.

ಆಮೇಲೆ ಗಿಳಿಪಾಠ ಶುರುವಾಯಿತು. "ನಿಂಗೆ ನೀರು ಬೇಕಾ?" ಅಂದರೆ ಅವನೂ "ನಿಂಗೆ ನೀರು ಬೇಕಾ?" ಅನ್ನೋನು. ಸುಮ್ನೆ ಅನುಕರಣೆ, ಅರ್ಥ ಇಲ್ಲ ಅಂತ ಬಂದವರೆಲ್ಲ ಹೇಳಿದರು. ಒಂದು ಮಧ್ಯಾಹ್ನ ಅವನೇ ಬಂದು ಸೆರಗು ಜಗ್ಗಿ "ನಿಂಗೆ ನೀರು ಬೇಕಾ?" ಅಂದ. ಬಾಯಾರಿದ್ದು ಅವನಿಗೆ. ಆ ಮಾತು ಬಂದಾಗಲೆಲ್ಲ ನೀರು ಬರುತ್ತದೆ, ಅದಕ್ಕೇ ಇಡೀ ಮಾತನ್ನೇ ಎತ್ತಿಕೊಂಡಿದ್ದಾನೆ. ತಪ್ಪು ಅಂತ ಬೈಯದೆ, ಅವನ ಬಾಯಲ್ಲಿ ಬರಬೇಕಾದ ಹಾಗೆ "ನಂಗೆ ನೀರು ಬೇಕು" ಅಂದು ಲೋಟ ಕೊಡುತ್ತಿದ್ದೆ. ‘ನಿಂಗೆ’ ಹೋಗಿ ‘ನಂಗೆ’ ಬರಲು ಒಂದು ವರ್ಷದ ಮೇಲೆ ಹಿಡಿಯಿತು.

ಇನ್ನೊಂದು. ಇಂಗ್ಲಿಷ್ ಮಾತ್ರ ಮಾತಾಡಿ, ಎರಡು ಭಾಷೆ ಆದರೆ ಗೊಂದಲ ಅಂತ ಹೇಳುವವರಿದ್ದಾರೆ. ನನಗೂ ಹೇಳಿದ್ದರು. ಎರಡು ಭಾಷೆಯಿಂದ ಆಟಿಸಂ ಬರೋದಿಲ್ಲ, ಮಾತೂ ಅದರಿಂದ ತಡವಾಗೋದಿಲ್ಲ. ಮನೆಯಲ್ಲಿ ಉರ್ದು ಇದ್ದರೆ ಉರ್ದು, ಲಂಬಾಣಿ ಇದ್ದರೆ ಲಂಬಾಣಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳೋ ಅಜ್ಜಿಗೆ ಬರದ ಭಾಷೆ ತಂದು ಆ ಮಗುವಿನ ಸುತ್ತ ಇರೋ ಮಾತನ್ನೇ ಕಡಿಮೆ ಮಾಡಬೇಡಿ.

ಎಲ್ಲ ಮಕ್ಕಳಿಗೂ ಮಾತು ಬರುತ್ತಾ? ಇದನ್ನು ಕೇಳುವಾಗ ಎಲ್ಲರ ದನಿ ಸಣ್ಣದಾಗುತ್ತದೆ. ಸುಳ್ಳು ಹೇಳಲಾರೆ, ಎಲ್ಲರಿಗೂ ಬರೋದಿಲ್ಲ. ಆದರೆ ಐದರೊಳಗೆ ಬರದಿದ್ದರೆ ಮುಗೀತು ಅನ್ನೋದೂ ನಿಜ ಅಲ್ಲ. 2013ರಲ್ಲಿ ಅಮೆರಿಕದ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ನಾಲ್ಕು ವರ್ಷಕ್ಕೂ ಪದ ಜೋಡಿಸಿ ಮಾತಾಡದಿದ್ದ 535 ಆಟಿಸಂ ಮಕ್ಕಳಲ್ಲಿ 70 ಶೇಕಡ ಮಕ್ಕಳು ಆಮೇಲೆ ಪದ ಜೋಡಿಸಿದರು. ಒಟ್ಟು ಮಕ್ಕಳಲ್ಲಿ 47 ಶೇಕಡ ಸರಾಗವಾಗಿಯೇ ಮಾತಾಡಿದರು. ಉಳಿದವರಿಗೆ ಚಿತ್ರವೋ, ಮುಟ್ಟಿದರೆ ದನಿ ಬರುವ ಟ್ಯಾಬ್ಲೆಟ್ ಕಂಪ್ಯೂಟರೋ ಇರುತ್ತದೆ. ಅದನ್ನು ಕಿತ್ತುಕೊಳ್ಳಬೇಡಿ. ಅದು ಅವರ ಮಾತು.

ಹೋದ ವಾರ ಹರಿಹರದಿಂದ ಒಬ್ಬರು ಫೋನ್ ಮಾಡಿದ್ದರು. "ಮಗಳು ಏನೂ ಹೇಳಲ್ಲ ಅಕ್ಕಾ." ಬೇಕಾದಾಗ ಏನು ಮಾಡ್ತಾಳೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚಪ್ಪಲಿ ತಂದು ನನ್ನ ಕಾಲ ಹತ್ರ ಇಡ್ತಾಳೆ. ಹೊರಗೆ ಹೋಗಬೇಕಂದ್ರೆ." ನಾಳೆ ಅವಳು ಚಪ್ಪಲಿ ಇಟ್ಟ ಕೂಡಲೇ "ಹೋಗಾಣ" ಅಂತ ಒಂದೇ ಮಾತು ಹೇಳಿ, ಬಾಗಿಲು ತೆಗೀರಿ ಅಂದೆ.